ಬೆಕ್ಕು ಏನಾತ್ರಿ ಆಮ್ಯಾಲೆ

ರೊಟ್ಟಿ ಹಬ್ಬ ಮುಗಿದು, ನಾಗಪಂಚಮಿಯೂ ಕಳೆದ ಮೇಲೆ ಒಂದು ಮುಂಜಾನೆ ಎದುರು ಮನೆಯ ಸಾವಕ್ಕ ನಮ್ಮ ತಾಟು ಮರಳಿ ಕೊಡಲು ಬಂದರು. ನಮ್ಮ ಬೆಟಗೇರಿಯ ಓಣಿಯಲ್ಲಿ ಕೊಟ್ಟ ತಾಟು ಖಾಲಿ ಬರುವ ಪದ್ಧತಿ ಇಲ್ಲ. ಅದರಲ್ಲಿ ಒಂದು ಹಿಡಿ ಜೋಳದ ಅಳ್ಳು, ಒಂದೆರಡು ಶೇಂಗಾ ಉಂಡಿ ಇದ್ದವು. ನಾನು ತಾಟು ಇಸಿದುಕೊಂಡೆ. ಅವರು ಹೋಗಲಿಲ್ಲ. ಗೇಟಿನ ಕೊಂಡಿಯನ್ನು ಮೇಲೆ ಕೆಳಗೆ ಮಾಡುತ್ತ ನಿಂತರು.

“ಬೆಕ್ಕು ಏನಾತ್ರಿ ಆಮ್ಯಾಲೆ?”

“ಯಾವ ಬೆಕ್ಕು?”

“ಅದ ರೀ, ತಲಿಗೆ ತಂಬಿಗಿ ಸಿಗಿಸ್ಕೊಂಡು ಮಾಳಿಗಿ ಹತ್ತಿತ್ತಲ್ಲ. ಬೆಳಕಿಂಡಿ ದಂಡಿಗೆ ಬಂದು ನಿಂತಿತ್ತು. ಬಿತ್ತೋ, ಉಳೀತೋ?”

ನಾನು ಏನೋ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವರ ಮನೆಯ ಕುಕ್ಕರ್ ಕೂಗಿತು. ಸಾವಕ್ಕ ಓಡಿದರು. ನಾನು ತಾಟು ಹಿಡಿದುಕೊಂಡು ಅಲ್ಲೇ ನಿಂತೆ.

ನಮ್ಮ ಮನೆಯಲ್ಲಿ ಬೆಕ್ಕಿಲ್ಲ. ಸಾವಕ್ಕ ಕೇಳಿದ ಬೆಕ್ಕು ಲಕ್ಷ್ಮೇಶ್ವರದ ನನ್ನ ತವರುಮನೆಯದು. ನಾನು ಸಣ್ಣ ಲಂಗ ಉಟ್ಟುಕೊಂಡು ಓಡಾಡುತ್ತಿದ್ದ ಕಾಲದ್ದು. ಅದರ ಕಥೆಯನ್ನು ನಾನು ಈ ಊರಿನಲ್ಲಿ ಯಾರಿಗೂ ಹೇಳಿಲ್ಲ. ಕಟ್ಟಿಕೊಂಡ ಗಂಡನಿಗೂ ಹೇಳಿಲ್ಲ. ಬರೆದಿದ್ದೆ, ಅಷ್ಟೆ. ಬರೆದ ಹಾಳೆಯನ್ನು ಅಡುಗೆಮನೆಯ ಮೇಲಿನ ಹಲಗೆಯಲ್ಲಿ, ‘ಓಟ್ಸ್’ ಎಂದು ಚೀಟಿ ಅಂಟಿಸಿದ ಡಬ್ಬಿಯಲ್ಲಿ ಇಟ್ಟಿದ್ದೆ. ಮೂರು ಹೊತ್ತು ರೊಟ್ಟಿ ಉಣ್ಣುವ ಈ ಮನೆಯಲ್ಲಿ ಓಟ್ಸ್ ಡಬ್ಬಿಗಿಂತ ಭದ್ರವಾದ ಜಾಗ ಇನ್ನೊಂದಿಲ್ಲ ಎಂದು ನನಗೆ ಬಲವಾದ ನಂಬಿಕೆ ಇತ್ತು.

ಅಂದರೆ ಯಾರೋ ನನ್ನ ಪುಸ್ತಕ ಓದುತ್ತಿದ್ದಾರೆ. ನಾನು ಬರೆದು ಮುಗಿಸುವುದಕ್ಕೂ ಮೊದಲೇ.

ನಾನು ಅನುಮಾನದ ಹೆಂಗಸಲ್ಲ ಎಂದು ಇಲ್ಲಿ ಒಂದು ಮಾತು ಸೇರಿಸಬೇಕೆಂದಿದ್ದೆ. ಆದರೆ ನೀವು ನಂಬುವುದಿಲ್ಲ. ಪ್ಯಾಕೆಟ್ ಹಾಲನ್ನು ಮೂಸಿ ನೋಡಿಯೇ ಕಾಯಿಸುವವಳು ನಾನು. ತೆಂಗಿನಕಾಯಿಯನ್ನು ಅಂಗಡಿಯಲ್ಲಿ ಒಮ್ಮೆ, ಮನೆಗೆ ಬಂದು ಒಮ್ಮೆ ಅಲ್ಲಾಡಿಸುತ್ತೇನೆ. ಯಾರಾದರೂ “ಭಾಳ ಚಲೋ ಆಗೇತಿ” ಎಂದರೆ ಅವರ ತಾಟಿನಲ್ಲಿ ಎಷ್ಟು ಉಳಿದಿದೆ ನೋಡುತ್ತೇನೆ. ಈ ಬುದ್ಧಿ ನನಗೆ ಗದಗಿನ ಕಾನ್ವೆಂಟಿನಲ್ಲಿ ಬಂತು. ಅಲ್ಲಿ ಸಿಸ್ಟರ್ ಫಿಲೋಮಿನಾ ಎಂಬವರಿದ್ದರು. ಭಾಳ ಮೆತ್ತಗಿನ ಮನುಷ್ಯರು, ಅವರ ಬೂಟುಗಳೂ ಮೆತ್ತಗೆ. ರಬ್ಬರ್ ತಳದ ಆ ಬಿಳಿ ಬೂಟು ಹಾಕಿಕೊಂಡು ಅವರು ಹಿಂದೆ ಬಂದು ನಿಂತರೆ ಗೊತ್ತೇ ಆಗುತ್ತಿರಲಿಲ್ಲ. ನಾವು ಡೆಸ್ಕಿನ ಕೆಳಗೆ ಹುಣಸೆಹಣ್ಣು ಚೀಪುತ್ತಿರುವಾಗ ಕಿವಿಯ ಹತ್ತಿರ ಸೋಪಿನ ವಾಸನೆ ಬರುತ್ತಿತ್ತು. ಬೆನ್ನ ಹಿಂದೆ ಸದ್ದಿಲ್ಲ ಎಂದರೆ ಅಲ್ಲಿ ಯಾರೋ ಇದ್ದಾರೆ ಎಂದು ನಾನು ತಿಳಿದುಕೊಂಡದ್ದು ಆಗ. ಇವತ್ತಿಗೂ ಮನೆಯಲ್ಲಿ ಬಹಳ ಹೊತ್ತು ಸದ್ದಿಲ್ಲದಿದ್ದರೆ ನಾನು ಒಗ್ಗರಣೆ ಸೌಟು ಕೆಳಗಿಟ್ಟು ತಿರುಗಿ ನೋಡುತ್ತೇನೆ.

ಅದೇ ಸಿಸ್ಟರ್ ನನಗೆ ಇನ್ನೊಂದು ರೋಗವನ್ನೂ ಹಚ್ಚಿದರು. ಯಾವ ಕಥೆ ಬರೆದರೂ ಕೊನೆಗೆ ಅದರ ನೀತಿ ಬರೆಯಬೇಕು, ಅದಕ್ಕೆ ಸ್ಕೇಲಿನಿಂದ ಅಡಿಗೆರೆ ಹಾಕಬೇಕು. ನೀತಿ ಇಲ್ಲದ ಕಥೆಗೆ ಅಂಕ ಇರಲಿಲ್ಲ. ತಂಬಿಗೆಯಲ್ಲಿ ತಲೆ ಸಿಕ್ಕಿಸಿಕೊಂಡ ಬೆಕ್ಕಿನ ಕಥೆ ಬೆಳಕಿಂಡಿಯ ದಂಡೆಯಲ್ಲಿ ನಿಂತುಬಿಟ್ಟದ್ದು ಇದೇ ಕಾರಣಕ್ಕೆ. ಮುಂದೆ ಏನಾಯಿತೆಂದು ನನಗೆ ಚೆನ್ನಾಗಿ ಗೊತ್ತು. ನೀತಿ ಏನೆಂದು ಗೊತ್ತಿರಲಿಲ್ಲ. ಯೋಚಿಸೋಣ ಎಂದು ಹಾಳೆಯನ್ನು ಡಬ್ಬಿಗೆ ಹಾಕಿದ್ದೆ.

ಪುಸ್ತಕ ಅಂದೆನಲ್ಲ, ಅದೇನು ದೊಡ್ಡದಲ್ಲ. ನಾಲ್ಕು ಊರಿನ ನಾಲ್ಕು ಅಡುಗೆಮನೆಗಳು. ಲಕ್ಷ್ಮೇಶ್ವರದಲ್ಲಿ ನನ್ನ ಅವ್ವನದು, ಬೆಟಗೇರಿಯಲ್ಲಿ ನಮ್ಮ ಅತ್ತೆಯದು, ಶಿರಹಟ್ಟಿಯಲ್ಲಿ ನಾದಿನಿ ಗಿರಿಜಾಳದು, ಮುಂಡರಗಿಯಲ್ಲಿ ಅತ್ತೆಯ ತಂಗಿ ಚಿಗತ್ತೆಯದು. ಯಾರ ಮನೆಯಲ್ಲಿ ಉಪ್ಪಿನ ಡಬ್ಬಿ ಯಾವ ಕೈಗೆ ಸಿಗುತ್ತದೆ, ಯಾರು ಚಹಾ ಸೋಸುವ ಜಾಳಿಗೆಯನ್ನು ಮೊಳೆಗೆ ತೂಗುಹಾಕುತ್ತಾರೆ, ಯಾರು ಸಿಂಕಿನಲ್ಲೇ ಬಿಡುತ್ತಾರೆ, ಇಂಥವು. ಅಡುಗೆಮನೆಯಲ್ಲಿ ನಿಂತವಳು ಏನು ಯೋಚಿಸುತ್ತಾಳೆ ಎಂಬುದು ಅಂಥ ಸಣ್ಣ ಜಾಗಗಳಲ್ಲಿ ಕಾಣುತ್ತದೆ ಎಂದು ನನ್ನ ಅಂಬೋಣ.

ಬರೆಯುವುದು ಹೇಗೆಂದು ಮೊಬೈಲಿನಲ್ಲಿ ವಿಡಿಯೋ ನೋಡಿದೆ. ಒಬ್ಬರು ಹೇಳುತ್ತಿದ್ದರು, ಬರೆಯಲು ಒಂದು ಪ್ರತ್ಯೇಕ ಕೋಣೆ ಇರಲಿ, ಮುಂಜಾನೆ ಬೇಗ ಏಳಿ, ಫೋನ್ ಮೊದಲು ಬಂದ್ ಮಾಡಿ. ಫೋನ್ ಬಂದ್ ಮಾಡಿದರೆ ಅವರ ಮಾತು ಕೇಳುವುದು ಹೇಗೆ ಎಂದು ನನಗೆ ತಿಳಿಯಲಿಲ್ಲ. ಅವರ ಹಿಂದಿನ ಕಪಾಟಿನಲ್ಲಿ ಪುಸ್ತಕಗಳೆಲ್ಲ ಒಂದೇ ಎತ್ತರಕ್ಕೆ ನಿಂತಿದ್ದವು. ಒಂದೂ ವಾಲಿರಲಿಲ್ಲ, ಒಂದರಿಂದಲೂ ಚೀಟಿ ಹೊರಗೆ ಇಣುಕಿರಲಿಲ್ಲ. ಆಗಲೇ ನನಗೆ ಅನುಮಾನ ಬಂತು. ನನ್ನ ಪ್ರತ್ಯೇಕ ಕೋಣೆ ಎಂದರೆ ಫ್ರಿಜ್ಜಿಗೂ ಹಿಟ್ಟಿನ ಡಬ್ಬಿಗೂ ನಡುವಿನ ಕಟ್ಟೆ. ಬೇಳೆ ಬೇಯುವ ತನಕ ಒಂದು ಪ್ಯಾರಾ. ಕುಕ್ಕರಿನ ಸೀಟಿ ತಪ್ಪಾಗಿ ಎಣಿಸಿದ ದಿನ ಪ್ಯಾರಾ ಉದ್ದವಾಗುತ್ತದೆ, ಬೇಳೆ ಗಂಜಿಯಾಗುತ್ತದೆ.

ಹಾಳೆಗೇನೂ ಬರವಿರಲಿಲ್ಲ. ನಮ್ಮ ಮನೆಯವರದು ಪಂಪ್‌ಸೆಟ್ ಮತ್ತು ಪೈಪಿನ ಅಂಗಡಿ. ದರ ಬದಲಾದಾಗಲೆಲ್ಲ ಹಳೆಯ ದರಪಟ್ಟಿಗಳು ರದ್ದಿಯಾಗಿ ಮನೆಗೆ ಬರುತ್ತವೆ. ಒಂದು ಬದಿಗೆ ಪೈಪಿನ ಅಳತೆ, ಇನ್ನೊಂದು ಬದಿ ಖಾಲಿ. ಆ ಖಾಲಿ ಬದಿಗೆ ನನ್ನ ಪುಸ್ತಕ.

ಸಮಯ, ಜಾಗ, ನೀತಿ, ಇವೆಲ್ಲ ಹೇಗೋ ದಾಟುವ ತೊಂದರೆಗಳು. ದಾಟಲಾಗದ್ದು ಬೇರೆಯೇ ಇತ್ತು. ಅದು ನಮ್ಮ ಅತ್ತೆಯ ಅಧ್ಯಾಯ.

ನಮ್ಮ ಅತ್ತೆ ಅಡರಕಟ್ಟಿಯವರು. ಬಳಗದಲ್ಲಿ ‘ನೀಲವ್ವನ ರೊಟ್ಟಿ’ ಎಂದರೆ ಅದಕ್ಕೊಂದು ಹೆಸರಿದೆ. ತೆಳ್ಳಗೆ, ದುಂಡಗೆ, ಅಂಚು ಒಡೆಯದ ಕಡಕ್ ರೊಟ್ಟಿ. ಮುಂಡರಗಿಯ ಚಿಗತ್ತೆ ತನ್ನ ಮನೆಯಲ್ಲಿ ರೊಟ್ಟಿ ಇದ್ದರೂ “ಅಕ್ಕನ ಕೈದು ಕಳಿಸ್ರಿ” ಎಂದು ಫೋನ್ ಮಾಡುತ್ತಾರೆ. ಒಂದೆರಡು ವರ್ಷದಿಂದ ಅತ್ತೆಯ ಕೈ ನಡುಗುತ್ತದೆ. ಬಡಿಯಲು ಹೋದರೆ ರೊಟ್ಟಿ ಹರಿಯುತ್ತದೆ. ಒಂದು ದಿನ ಅವರು ರೊಟ್ಟಿ ಬಡಿಯುವ ಕಲ್ಲಿನ ಮುಂದಿಂದ ಎದ್ದು ಪಕ್ಕಕ್ಕೆ ಕುಳಿತರು. ನಾನು ಅಲ್ಲಿ ಕುಳಿತೆ. ಆವತ್ತಿನಿಂದ ರೊಟ್ಟಿ ಬಡಿಯುವವಳು ನಾನು. ಯಾರಾದರೂ ಗೇಟು ತೆರೆದ ಸದ್ದಾದರೆ ನಾನು ಎದ್ದು ಚಹಾಕ್ಕೆ ನೀರಿಡುತ್ತೇನೆ, ಅತ್ತೆ ಕಲ್ಲಿನ ಮುಂದೆ ಸರಿಯುತ್ತಾರೆ. ಕೈ ತುಂಬ ಹಿಟ್ಟು. ಬಂದವರು “ಈ ವಯಸ್ಸಿನ್ಯಾಗೂ ಏನ್ ಕೈ ರೀ ನಿಮ್ಮದು” ಎನ್ನುತ್ತಾರೆ. ನಾನು ಚಹಾ ಸೋಸುತ್ತೇನೆ. ಹೀಗೆಂದು ನಾವಿಬ್ಬರೂ ಎಂದೂ ಮಾತಾಡಿಕೊಂಡಿಲ್ಲ. ನಮ್ಮ ಮನೆಯವರಿಗೂ ಇದು ಗೊತ್ತಿದೆಯೋ ಇಲ್ಲವೋ, ನಾನು ಕೇಳಿಲ್ಲ.

ಅದನ್ನು ನಾನು ಬರೆದಿದ್ದೆ. ಬರೆಯದಿದ್ದರೆ ಅತ್ತೆಯ ಅಡುಗೆಮನೆಯ ಬಗ್ಗೆ ಬರೆದಂತೆ ಆಗುತ್ತಲೇ ಇರಲಿಲ್ಲ. ಬರೆದ ಮೇಲೆ ಭಯವಾಯಿತು. ಇದು ಅಚ್ಚಾದರೆ ಆ ಹೆಸರು ಹೋಯಿತು. ಅತ್ತೆಗೆ ಆ ಹೆಸರು ಬಿಟ್ಟರೆ ಬೇರೆ ಏನನ್ನೂ ಮೆರೆಸುವ ಆಸೆ ಇಲ್ಲ. ಪುಸ್ತಕ ಅಲ್ಲಿಗೇ ನಿಂತಿತು. ಹರಿದು ಹಾಕಲು ಮನಸ್ಸಾಗಲಿಲ್ಲ, ಮುಂದೆ ಬರೆಯಲು ಧೈರ್ಯವಾಗಲಿಲ್ಲ.

ಸಾವಕ್ಕ ಹೋದ ಮೇಲೆ ನಾನು ಮಾಡಿದ ಮೊದಲ ಕೆಲಸ ಸ್ಟೂಲ್ ಹತ್ತಿ ಓಟ್ಸ್ ಡಬ್ಬಿ ಇಳಿಸಿದ್ದು. ಬೆಕ್ಕಿನ ಹಾಳೆ ಇರಲಿಲ್ಲ. ಶಿರಹಟ್ಟಿಯದಿರಲಿಲ್ಲ. ಮುಂಡರಗಿಯದೂ ಇಲ್ಲ. ತಳದವರೆಗೂ ಕೈ ಹಾಕಿ ಹುಡುಕಿದೆ. ಅತ್ತೆಯ ಹಾಳೆಯೂ ಇರಲಿಲ್ಲ.

ಮೊದಲ ಅನುಮಾನ ಮನೆಯವರ ಮೇಲೆ ಹೋಯಿತು. ಅವರು ಪೇಪರ್ ಓದುತ್ತ ಕುಳಿತಿದ್ದರು.

“ನೀವು ಓಟ್ಸ್ ಡಬ್ಬಿ ತಗದೀರೇನು?”

“ನನಗೇನಾಗೇತಿ ಓಟ್ಸ್ ತಿನ್ನಾಕ?”

“ಅದರಾಗಿನ ಹಾಳಿ ಓದೀರೇನು ಅಂತ ಕೇಳಾಕತ್ತೇನಿ. ನಾ ಬರದಿದ್ದು.”

ಅವರು ಪೇಪರ್ ಕೆಳಗಿಳಿಸಿದರು. ಮುಖದಲ್ಲಿ ನಿಜವಾದ ನೋವಿತ್ತು. “ಶೈಲಾ, ನಮ್ಮ ಲಗ್ನಪತ್ರಿಕೀನ ನಾ ಪೂರಾ ಓದಿಲ್ಲ. ನಿನ್ನ ಪುಸ್ತಕ ಕದ್ದು ಓದ್ತೀನೇನು?”

ನಾನು ನಂಬಿದೆ. ಅಂಥ ಆಲಸ್ಯವನ್ನು ನಟಿಸಲು ಆಗುವುದಿಲ್ಲ.

ಉಳಿದವರು ಅತ್ತೆ. ಆದರೆ ಅತ್ತೆ ಸ್ಟೂಲ್ ಹತ್ತುವವರಲ್ಲ. ಅಡರಕಟ್ಟಿಯ ಕನ್ನಡ ಶಾಲೆಯಲ್ಲಿ ಒಂದಿಷ್ಟು ಕಲಿತಿದ್ದಾರೆ, ಪೇಪರಿನಲ್ಲಿ ನಿಧನವಾರ್ತೆಯ ಪುಟವನ್ನು ಬೆರಳಿಟ್ಟು ಓದುತ್ತಾರೆ. ತೀರಿಕೊಂಡವರಲ್ಲಿ ಪರಿಚಯದವರಿಲ್ಲದಿದ್ದರೆ ಪೇಪರನ್ನು ಮಡಿಚಿ ತೆಗೆದಿಡುತ್ತಾರೆ. ಅವರು ನನ್ನ ಹಾಳೆ ಓದುತ್ತಾರೆ ಎಂದು ಹೇಗೆ ಅನುಮಾನಿಸಲಿ? ಅನುಮಾನಿಸಿದೆ. ಡಬ್ಬಿಗೆ ಇನ್ನೊಂದು ಹಾಳೆ ಹಾಕಿ, ಮುಚ್ಚಳದ ಮೇಲೆ ತೆಳ್ಳಗೆ ಅರಿಸಿನ ಪುಡಿ ಉದುರಿಸಿದೆ. ಮುಟ್ಟಿದವರ ಬೆರಳು ಹಳದಿಯಾಗಬೇಕು. ಕಾನ್ವೆಂಟಿನಲ್ಲಿ ಪೆಟ್ಟಿಗೆ ಮೇಲೆ ಚಾಕ್ ಪುಡಿ ಹಾಕಿ ಬಿಸ್ಕಿಟ್ ಕಳ್ಳಿಯನ್ನು ಹಿಡಿದಿದ್ದೆವು, ಆ ಧೈರ್ಯ.

ಸಂಜೆ ನೋಡಿದರೆ ಅತ್ತೆಯ ಬೆರಳು ಹಳದಿ. ಮಧ್ಯಾಹ್ನ ಮೆಣಸಿನಕಾಯಿಗೆ ಅರಿಸಿನ ಸವರಿದ್ದರಂತೆ. ಮನೆಯವರ ಬೆರಳೂ ಹಳದಿ, ಚಿತ್ರಾನ್ನ ಉಂಡಿದ್ದರು. ಸಾವಕ್ಕನ ಬೆರಳು ಯಾವಾಗಲೂ ಹಳದಿ. ನನ್ನ ಬೆರಳನ್ನು ನೋಡಿಕೊಂಡೆ. ಅದೂ ಹಳದಿ. ನಮ್ಮ ಕಡೆಯ ಅಡುಗೆಮನೆಯಲ್ಲಿ ಈ ಪತ್ತೇದಾರಿಕೆ ನಡೆಯುವುದಿಲ್ಲ.

ಆಮೇಲೆ ಶಿರಹಟ್ಟಿಯಿಂದ ಗಿರಿಜಾಳ ಫೋನ್ ಬಂತು. ಹಬ್ಬ ಹೇಗಾಯಿತು, ಹವಾ ಹೇಗಿದೆ ಎಲ್ಲ ಆದ ಮೇಲೆ ಕೇಳಿದಳು.

“ವೈನಿ, ನಮ್ಮ ಅಡಗಿಮನಿ ಕಿಡಕಿ ತಗದ್ರ ಮಂದಿ ಮನಿ ಗ್ವಾಡಿ ಕಾಣತೈತಿ ಅಲ್ಲಾ?”

“ಹೌದು, ಯಾಕ?”

“ನಾ ದಿನಾ ಆ ಗ್ವಾಡಿ ನೋಡ್ಕೋತ ಭಾಂಡೆ ತಿಕ್ಕತೀನಿ. ಆ ಗ್ವಾಡಿ ಮ್ಯಾಲೆ ಬಿರುಕು ಆಗೇತಲ್ಲ, ಅದು ಮಳಿಗಾಲಕ್ಕೊಮ್ಮೆ ಬೆಳೀತೈತಿ ಅನ್ನೂದು ನನಗ ಗೊತ್ತ ಇರಲಿಲ್ಲ ನೋಡ್ರಿ. ನಿನ್ನೆ ಖರೇನ ನೋಡಿದೆ. ಬೆಳದೈತಿ.”

ಆ ಬಿರುಕು ನಾನು ಬರೆದದ್ದು. “ನಿನಗ ಯಾರ ಹೇಳಿದ್ರು ಗಿರಿಜಾ?”

“ಯಾರ ಹೇಳಬೇಕು? ಹಂಗ ಅನಸ್ತು,” ಎಂದು ಫೋನ್ ಇಟ್ಟಳು. ಅವಳ ದನಿಯಲ್ಲಿ ಸಿಟ್ಟಿತ್ತೋ ನಗುವಿತ್ತೋ ಎಂದು ನಾನು ಅರ್ಧ ದಿನ ತೂಗಿ ನೋಡಿದೆ. ಅವಳಿಗೆ ಸಿಟ್ಟು ಬಂದಿದ್ದರೆ ಚಿಗತ್ತೆಗೆ ಹೇಳುತ್ತಾಳೆ. ಚಿಗತ್ತೆಗೆ ಹೇಳಿದರೆ ಇಡೀ ಮುಂಡರಗಿ ತಾಲೂಕಿಗೆ ಹೇಳಿದಂತೆ.

ಉತ್ತರ ಮುಂಡರಗಿಯಿಂದಲೇ ಬಂತು, ಬಸ್ಸಿನಲ್ಲಿ. ನಾವು ರೊಟ್ಟಿ ಕಟ್ಟಿ ಕಳಿಸಿದ ಬಿಳಿ ಅರಿವೆಯಲ್ಲಿ ಚಿಗತ್ತೆ ಎಳೆಯ ಬದನೆಕಾಯಿ ತುಂಬಿ, ಕಂಡಕ್ಟರ್ ಕೈಲಿ ಕೊಟ್ಟು ಕಳಿಸಿದ್ದರು. ಅವರ ಹೊಲ ಸಿಂಗಟಾಲೂರಿನ ದಾರಿಯಲ್ಲಿದೆ, ಹೊಳೆಯ ನೀರು ಬಂದ ಮೇಲೆ ಕಾಯಿಪಲ್ಯಕ್ಕೆ ಬರವಿಲ್ಲ. ಗಂಟು ಬಿಚ್ಚಿದೆ. ಬದನೆಕಾಯಿಗಳ ನಡುವೆ ಅಚ್ಚುಕಟ್ಟಾಗಿ ಮಡಿಚಿದ ಒಂದು ಹಾಳೆ. ಗುರೆಳ್ಳು ಚಟ್ನಿಯ ಎಣ್ಣೆ ತಾಗಿ ಅಲ್ಲಲ್ಲಿ ಪಾರದರ್ಶಕವಾಗಿತ್ತು. ಒಂದು ಬದಿಗೆ ಪೈಪಿನ ದರ, ಇನ್ನೊಂದು ಬದಿಗೆ ನನ್ನ ಅಕ್ಷರ.

ಫೋನ್ ಆಗಲೇ ರಿಂಗಾಗುತ್ತಿತ್ತು.

“ಶೈಲವ್ವಾ, ಹಾಳಿ ಮುಟ್ಟಿತೇನ? ರೊಟ್ಟಿ ಸುತ್ತಿ ಕಳಿಸಿದ್ರಲ್ಲ, ಅದ. ಓದಿ ಹೊಳ್ಳಿ ಕಳಿಸೇನಿ. ಖಾಲಿ ಹಾಳಿ ಕಳಿಸಬಾರದಂತ ಬದನಿಕಾಯಿ ಇಟ್ಟೇನಿ.”

“ಸಿಟ್ಟು ಬಂತೇನ್ರಿ ಚಿಗತ್ತಿ?”

“ಸಿಟ್ಟ್ಯಾಕ? ನಾ ಉಪ್ಪಿನ ಡಬ್ಬಿ ಮುಚ್ಚೂದಿಲ್ಲಂತ ಬರದೀ. ಖರೆ ಐತಿ, ಮುಚ್ಚೂದಿಲ್ಲ. ನಮ್ಮ ಮನ್ಯಾವ್ರಿಗೆ ಓದಿ ತೋರಿಸಿದೆ, ನಾ ಪುಸ್ತಕದಾಗ ಬಂದೇನಿ ನೋಡ್ರಿ ಅಂತ. ಮುಂದಿಂದು ಯಾವಾಗ ಕಳಸ್ತೀ?”

ಹಾಗಾದರೆ ಕಳ್ಳರಿರಲಿಲ್ಲ. ನನ್ನ ಪುಸ್ತಕ ರೊಟ್ಟಿಯ ಜೊತೆಗೆ ಊರೂರಿಗೆ ಹೋಗಿತ್ತು. ರೊಟ್ಟಿ ಹಬ್ಬದ ದಿನ ಮನೆಮನೆಗೆ ರೊಟ್ಟಿ, ಪಲ್ಯ, ಚಟ್ನಿ ಹಂಚುತ್ತೇವಲ್ಲ, ಆವತ್ತು ಬಡಿಯುವುದು, ಬೇಯಿಸುವುದು ನನ್ನ ಪಾಲು. ಯಾರಿಗೆ ಎಷ್ಟು ಎಂದು ಲೆಕ್ಕ ಹಾಕಿ ಕಟ್ಟುವುದು ಅತ್ತೆಯ ಪಾಲು. ಓಣಿಯವರ ತಾಟಿನ ಮೇಲೆ ಮುಚ್ಚಲು, ಪರವೂರಿನ ರೊಟ್ಟಿಗೆ ಸುತ್ತಲು ಅವರು ಯಾವಾಗಲೂ ರದ್ದಿ ಹಾಳೆಯನ್ನೇ ಬಳಸುತ್ತಾರೆ. ಈಗ ನೆನಪಾಯಿತು. ಹಬ್ಬದ ದಿನ ಸಜ್ಜೆಯ ಡಬ್ಬಿ ತೆಗೆಯಲು ನಾನೇ ಸ್ಟೂಲ್ ಹತ್ತಿ, ಮುಂದಿನ ಡಬ್ಬಿಗಳನ್ನೆಲ್ಲ ಕಟ್ಟೆಯ ಮೇಲೆ ಇಳಿಸಿಟ್ಟಿದ್ದೆ. ಓಟ್ಸ್ ಡಬ್ಬಿಯನ್ನೂ.

ನಗಬೇಕಾದ ವಿಷಯ. ನನಗೆ ನಗು ಬರಲಿಲ್ಲ. ಬೆಕ್ಕು ಸಾವಕ್ಕನ ಮನೆಗೆ ಹೋಯಿತು, ಬಿರುಕು ಶಿರಹಟ್ಟಿಗೆ, ಉಪ್ಪಿನ ಡಬ್ಬಿ ಮುಂಡರಗಿಗೆ. ಅತ್ತೆಯ ಹಾಳೆ ಯಾರ ಮನೆಗೆ ಹೋಯಿತು?

ರೊಟ್ಟಿ ಹೋದ ಇನ್ನೊಂದು ಮನೆ ಮಲ್ಲಸಮುದ್ರದಲ್ಲಿ ಮನೆಯವರ ಗೆಳೆಯರದು. ಧೈರ್ಯ ಮಾಡಿ ಫೋನ್ ಮಾಡಿದೆ. ಪಲ್ಯ ಹೇಗಾಗಿತ್ತು ಎಂದು ಕೇಳಿದೆ. ಚಟ್ನಿ ಹೇಗಿತ್ತು ಎಂದು ಕೇಳಿದೆ. ಕೊನೆಗೆ, ರೊಟ್ಟಿಗೆ ಸುತ್ತಿದ ಹಾಳೆ ಇದೆಯೇ ಎಂದೆ.

“ಐತಿ ಅಕ್ಕಾರ. ಓದಿದೆ. ಅಲ್ರಿ, ಎರಡಿಂಚಿನ ಪೈಪಿಗೆ ಅಷ್ಟ ರೇಟಿದ್ದಾಗ ನನಗ್ಯಾಕ ಜಾಸ್ತಿ ಹಚ್ಚಿದ ಅಂವ? ಕೇಳ್ರಿ ಒಂದ್ ಸಲ.”

“ಹಿಂದಿನ ಬದಿ ಏನರ ಬರದಿತ್ತೇನ್ರಿ?”

“ಖಾಲಿ ಇತ್ತಲ್ರಿ. ನಮ್ಮ ಮಗಳು ಆನಿ ಚಿತ್ರ ತಗದಾಳ.”

ಅಲ್ಲೂ ಇಲ್ಲ. ಹಾಗಾದರೆ ಆ ಹಾಳೆ ನನಗೆ ಗೊತ್ತಿಲ್ಲದ ಯಾವುದೋ ಮನೆಯಲ್ಲಿದೆ. ಯಾವುದೋ ಹೆಂಗಸು ಅದನ್ನು ಓದಿ, ಬಾಯಿಗೆ ಸೆರಗು ಹಿಡಿದುಕೊಂಡು, ಪಕ್ಕದ ಮನೆಗೆ ಹೋಗಿದ್ದಾಳೆ. ಓಣಿಯಲ್ಲಿ ಯಾರಾದರೂ ಇಬ್ಬರು ನಿಂತು ಮಾತಾಡುತ್ತಿದ್ದರೆ ನನಗೆ ಅವರು ರೊಟ್ಟಿಯ ವಿಷಯವನ್ನೇ ಆಡುತ್ತಿದ್ದಾರೆ ಅನ್ನಿಸತೊಡಗಿತು. ಕಾಯಿಪಲ್ಯದ ಗಾಡಿಯವಳು “ಅವ್ವಾರ ಆರಾಮ ಅದಾರೇನ್ರಿ?” ಎಂದದ್ದಕ್ಕೂ ನಾನು ಅವಳ ಮುಖವನ್ನು ದಿಟ್ಟಿಸಿ ನೋಡಿದೆ. ಅವಳು ಹೆದರಿ ಒಂದು ಸಿವುಡು ಕೊತ್ತಂಬರಿ ಹೆಚ್ಚಿಗೆ ಹಾಕಿದಳು.

ಅತ್ತೆಯನ್ನೇ ನೇರವಾಗಿ ಕೇಳಲು ಬಾಯಿ ಬರಲಿಲ್ಲ. ಕೇಳಿದರೆ ಆ ಹಾಳೆಯಲ್ಲಿ ಏನಿತ್ತೆಂದು ಹೇಳಬೇಕಾಗುತ್ತದೆ. ಅಡ್ಡದಾರಿ ಹಿಡಿದೆ.

“ಅತ್ತಿ, ಹಬ್ಬದ ದಿನ ರೊಟ್ಟಿ ಯಾವ ಹಾಳ್ಯಾಗ ಸುತ್ತಿದ್ರಿ?”

ಅವರು ಅಡಿಕೆ ಕತ್ತರಿಸುತ್ತಿದ್ದರು. ತಲೆ ಎತ್ತಲಿಲ್ಲ. “ಪೈಪಿನ ರದ್ದಿ ಹಾಳಿ. ಯಾಕ, ಬೇಕಾಗಿದ್ದೂ ಏನು?”

“ಇಲ್ರಿ. ಸುಮ್ಮನ ಕೇಳಿದೆ.”

“ಮತ್ತ ಓಟ್ಸ್ ಡಬ್ಯಾಗ ಇಟ್ಟಿದ್ದಿ. ಬೇಕಾಗಿದ್ದು ಯಾರರ ಅಲ್ಲಿ ಇಡ್ತಾರೇನು?”

ಅದು ಅಮಾಯಕ ಮಾತೋ ಏನೋ. ನಾನು ಕಟ್ಟೆ ಒರೆಸುತ್ತ ಯೋಚಿಸಿದೆ. ಶಿರಹಟ್ಟಿಯ ಹಾಳೆ ಶಿರಹಟ್ಟಿಗೇ ಹೋಗಿತ್ತು. ಮುಂಡರಗಿಯದು ಮುಂಡರಗಿಗೇ. ಲಕ್ಷ್ಮೇಶ್ವರದ ಬೆಕ್ಕು ಹೋದದ್ದು ಸಾವಕ್ಕನ ಮನೆಗೆ, ಸಾವಕ್ಕನ ತವರೂ ಲಕ್ಷ್ಮೇಶ್ವರವೇ. ಏನೂ ಬರೆಯದ ಹಾಳೆ ಮಲ್ಲಸಮುದ್ರಕ್ಕೆ. ಕಣ್ಣು ಮುಚ್ಚಿ ಕೈಗೆ ಬಂದ ರದ್ದಿ ತೆಗೆದವರು ಇಷ್ಟು ಸರಿಯಾಗಿ ಹಂಚಲು ಸಾಧ್ಯವೇ, ನೀವೇ ಹೇಳಿ. ಒರೆಸುವ ಬಟ್ಟೆ ಕೈಯಲ್ಲೇ ಉಳಿಯಿತು. ಹಿಂದೆ ಸದ್ದಿರಲಿಲ್ಲ. ತಿರುಗಿ ನೋಡಿದೆ. ಅತ್ತೆ ಹೊರಗೆ ಕಟ್ಟೆಯ ಮೇಲೆ ಹೋಗಿ ಕುಳಿತಿದ್ದರು.

ನಮ್ಮ ಅತ್ತೆ ಹೊಗಳುವುದಿಲ್ಲ. ಮದುವೆಯಾಗಿ ಬಂದ ಹೊಸತರಲ್ಲಿ ನಾನು ಕಾನ್ವೆಂಟಿನಲ್ಲಿ ಕಲಿತ ಪುಡಿಂಗ್ ಮಾಡಿ ಬಡಿಸಿದೆ. ಒಂದು ಚಮಚ ಬಾಯಿಗಿಟ್ಟು, ಬಟ್ಟಲನ್ನು ಮೆಲ್ಲಗೆ ನನ್ನ ಕಡೆ ಸರಿಸಿ, “ನೀ ತಿನ್ನವಾ, ನಿನಗ ರೂಢಿ ಐತಿ” ಎಂದಿದ್ದರು. ಕೆಲವು ವರ್ಷ ಕಳೆದ ಮೇಲೆ ನನ್ನ ಎಣ್ಣೆಗಾಯಿ ಪಲ್ಯ ಉಂಡು “ತಿನ್ನಾಕ ಬರತೈತಿ” ಎಂದರು. ಆವತ್ತು ಮನೆಯವರು ಉಣ್ಣುವುದನ್ನು ಬಿಟ್ಟು ನನ್ನನ್ನು ನೋಡಿದರು. ಅವರು ಜನ್ಮದಲ್ಲಿ ತಮ್ಮ ಅವ್ವನ ಬಾಯಿಂದ ಅದಕ್ಕಿಂತ ದೊಡ್ಡ ಮಾತು ಕೇಳಿರಲಿಲ್ಲ.

ಮುಂದಿನ ಸೋಮವಾರ ಮುಂಜಾನೆ ರೊಟ್ಟಿಗೆ ಕುಳಿತೆವು. ಕಿಟಕಿಯಿಂದ ಬಿಸಿಲು ಹಿಟ್ಟಿನ ಪರಾತದವರೆಗೆ ಬಂದಿತ್ತು. ಅತ್ತೆ ಹಿಟ್ಟಿಗೆ ಕುದಿಯುವ ಎಸರು ಸುರಿದು, ಸೌಟಿನಿಂದ ಕಲಸಿ, ಆಮೇಲೆ ಅಂಗೈಯ ಬುಡದಿಂದ ಒತ್ತಿ ಒತ್ತಿ ನಾದುತ್ತಿದ್ದರು. ನಾದುವಾಗ ಅವರ ಕೈ ನಡುಗುವುದಿಲ್ಲ. ನಾನು ಉಂಡೆ ತೆಗೆದುಕೊಂಡು ಬಡಿಯುತ್ತಿದ್ದೆ. ಅವರು ಒಂದು ಕೈ ತೊಳೆದುಕೊಂಡು, ಸೊಂಟದಲ್ಲಿದ್ದ ಎಲೆ ಅಡಿಕೆಯ ಚೀಲ ತೆಗೆದರು. ಎಲೆ ಹಾಕಿಕೊಳ್ಳುತ್ತಾರೆ ಅಂದುಕೊಂಡೆ. ಮಡಿಚಿದ ಹಾಳೆ ತೆಗೆದು ನನ್ನ ಮೊಣಕಾಲ ಹತ್ತಿರ ಇಟ್ಟರು. ಸುಣ್ಣದ ಬೆರಳಿನ ಗುರುತು ಅಲ್ಲಲ್ಲಿ ಇತ್ತು.

“ಇದನ್ನ ಯಾರಿಗೆ ಕಳಿಸೂದಂತ ತಿಳೀಲಿಲ್ಲ,” ಎಂದರು.

ನಾನು ಬಡಿಯುವುದನ್ನು ನಿಲ್ಲಿಸಿದೆ. “ಅತ್ತಿ, ನಾ ಅದನ್ನ ಹಾಕೂದಿಲ್ರಿ. ತಗದ ಬಿಡ್ತೀನಿ.”

“ರೊಟ್ಟಿ ಒಣಗಾಕತ್ತೈತಿ, ಬಡಿ.”

ಬಡಿದೆ. ಅವರು ಹಂಚಿನ ಮೇಲಿನದಕ್ಕೆ ಒದ್ದೆ ಬಟ್ಟೆಯಿಂದ ನೀರು ಸವರಿ, ಮಗುಚಿದರು.

“ತಪ್ಪ ಬರದೀ,” ಎಂದರು.

“ಖರೆ ರೀ. ಬರೀಬಾರದಿತ್ತು.”

“ಬರೀಬಾರದಂತ ಯಾರಂದ್ರು? ತಪ್ಪ ಬರದೀ ಅಂದೆ. ರೊಟ್ಟಿ ನೀ ಮಾಡ್ತೀ ಅಂತ ಬರದೀ. ನೀ ಬಡೀತಿ. ಎಸರು ಯಾರ ಇಡ್ತಾರು? ಹಿಟ್ಟು ಯಾರ ನಾದ್ತಾರು? ಜ್ವಾಳ ಹೊಸದೋ ಹಳೇದೋ ಅಂತ ನೋಡಿ ನೀರು ಯಾರ ಹಾಕ್ತಾರು? ನಾ ನಾದಿಕೊಡಲಿಲ್ಲಂದ್ರ ನಿನ್ನ ರೊಟ್ಟಿ ಅಂಚು ಒಡೀತಾವು. ಅದನ್ನ ಬರದ ಇಲ್ಲ ನೀ.”

ನಾನು ಪರಾತದಲ್ಲಿ ಉಳಿದ ಹಿಟ್ಟನ್ನು ನೋಡಿದೆ. ನಯವಾಗಿ, ಬಿಸಿಯಾಗಿ, ಒಂದು ಬಿರುಕೂ ಇಲ್ಲದೆ ಕುಳಿತಿತ್ತು. ನಾದುವ ಕೈ ದಿನವೂ ನನ್ನ ಪಕ್ಕದಲ್ಲೇ ಇರುತ್ತದೆ. ಅಷ್ಟೊಂದು ಉಪ್ಪಿನ ಡಬ್ಬಿ, ಜಾಳಿಗೆ, ಬಿರುಕು ನೋಡಿದವಳು ಅದನ್ನು ನೋಡಿರಲಿಲ್ಲ. ಅವರ ಕೈ ಏನು ಮಾಡಲಾರದು ಎಂಬುದನ್ನಷ್ಟೇ ಬರೆದು, ಅದಕ್ಕಾಗಿ ಇಷ್ಟು ದಿನ ಹೆದರಿದ್ದೆ.

“ಬರೀತೀನ್ರಿ. ಆದ್ರ ಮಂದಿ ಏನಂತಾರ? ನೀಲವ್ವನ ರೊಟ್ಟಿ ಅನ್ನೂದು—”

“ಮಂದಿಗೆ ಹೋದ ವರ್ಷನ ಗೊತ್ತಾಗೇತಿ. ನಿನ್ನ ರೊಟ್ಟಿ ಒಂದ್ ಕಡೆ ದಪ್ಪ ಇರತಾವು. ನಮ್ಮ ತಂಗಿಗೆ ಗೊತ್ತಿಲ್ಲೇನು? ತಿಂದು ಸುಮ್ಮನದಾಳ.”

ಇದನ್ನು ನಾನು ಪೂರ್ತಿ ನಂಬಲಿಲ್ಲ. ನನ್ನ ಭಯ ಕಡಿಮೆಯಾಗಲಿ ಎಂದು ಹಾಗೆ ಹೇಳಿರಬಹುದು. ಆದರೆ ಬೆಳಕಿಗೆ ಹಿಡಿದು ನೋಡಿದೆ. ರೊಟ್ಟಿ ಒಂದು ಕಡೆ ದಪ್ಪ ಇತ್ತು.

ಕೈ ಒರೆಸಿಕೊಂಡು ಪೆನ್ನು ತಂದು, ಸುಣ್ಣದ ಗುರುತಿನ ಪಕ್ಕದಲ್ಲಿ ಎಸರು, ಹಿಟ್ಟು, ನಾದುವುದು ಎಲ್ಲ ಬರೆದೆ. ಓದಿ ಹೇಳಿದೆ. ಅತ್ತೆ ಹಂಚಿನ ಕಡೆ ನೋಡುತ್ತಲೇ ಕೇಳಿಸಿಕೊಂಡರು. ರೊಟ್ಟಿ ಉಬ್ಬಿತು. ಅದನ್ನು ತೆಗೆದು ಬುಟ್ಟಿಗೆ ಆನಿಸಿ ನಿಲ್ಲಿಸಿದರು.

“ಓದಾಕ ಬರತೈತಿ,” ಎಂದರು.

ನಾನು ಅವರ ಮುಖ ನೋಡಲಿಲ್ಲ. ನೋಡಿದರೆ ಏನಾದರೂ ಹುಡುಕಲು ಶುರು ಮಾಡುತ್ತೇನೆ ಎಂದು ಗೊತ್ತಿತ್ತು. ಮುಂದಿನ ಉಂಡೆ ತೆಗೆದುಕೊಂಡೆ. ಒಂದು ರೊಟ್ಟಿ ಆಯಿತು, ಇನ್ನೊಂದೂ ಆಯಿತು. ಓಣಿಯಲ್ಲಿ ಸಾವಕ್ಕನ ಗೇಟಿನ ಕೊಂಡಿಯ ಸದ್ದಾಯಿತು. ಅಭ್ಯಾಸಬಲದಿಂದ ಚಹಾಕ್ಕೆ ನೀರಿಡಲು ಏಳಹೋದೆ. ಅತ್ತೆ ಮೊಣಕೈಯಿಂದ ನನ್ನನ್ನು ತಡೆದರು. ಕುಂಡ್ರು ಎನ್ನುವ ಹಾಗೆ. ಕುಳಿತೆ.

ಸಾವಕ್ಕ ನಮ್ಮ ಮನೆಗೆ ಬರಲಿಲ್ಲ, ಹಾಲಿನವನ ಕಡೆ ಹೋದರು. ಆದರೆ ಅತ್ತೆಗೆ ಏನೋ ನೆನಪಾದಂತಾಯಿತು. ಹಿಟ್ಟಿನ ಮೇಲೆ ನೀರು ಚಿಮುಕಿಸುತ್ತ, ಬೇರೆ ಯಾವುದೋ ವಿಷಯ ಕೇಳುವವರ ಹಾಗೆ ಕೇಳಿದರು.

“ಅಂದಂಗ, ಆ ಬೆಕ್ಕು ಏನಾತು?”

ಬೆಕ್ಕಿನ ಹಾಳೆ ಸಾವಕ್ಕನ ಮನೆಗೆ ಹೋಗಿತ್ತು. ಅದನ್ನು ಇಲ್ಲಿಂದ ಹೋಗುವ ಮೊದಲು ಯಾರು ಓದಿದ್ದರೆಂದು ಇನ್ನು ಅರಿಸಿನ ಉದುರಿಸಿ ನೋಡಬೇಕಾಗಿರಲಿಲ್ಲ. ಹೇಳಿಬಿಡೋಣವೆಂದು ಬಾಯಿಗೆ ಬಂತು. ನೀತಿಯ ಮಾತು ನೆನಪಾಗಲೇ ಇಲ್ಲ. ಬೆಕ್ಕು ಮಾತ್ರ ತಲೆಗೆ ತಂಬಿಗೆ ಹಾಕಿಕೊಂಡು ಬೆಳಕಿಂಡಿಯ ದಂಡೆಯಲ್ಲಿ ನಿಂತಿತ್ತು. ಎದುರು ಮನೆಯಲ್ಲಿ ಒಬ್ಬರು, ಪಕ್ಕದಲ್ಲಿ ಒಬ್ಬರು ಅದನ್ನು ತಲೆ ಎತ್ತಿ ನೋಡುತ್ತಿದ್ದರು.

“ಪುಸ್ತಕದಾಗ ಬರತೈತ್ರಿ, ಅತ್ತಿ,” ಎಂದೆ.

ಅವರು ನನ್ನ ಕಡೆ ಒಂದು ಸಲ ಅನುಮಾನದಿಂದ ನೋಡಿ, ಇನ್ನೊಂದು ಉಂಡೆಯನ್ನು ನನ್ನ ಮುಂದೆ ಸರಿಸಿದರು.

“ಜಲ್ದಿ ಬರಿ ಮತ್ತ.”